ಮನೆಯೇ ಕಾರ್ಖಾನೆ

ಅಣ್ಣಿಗೇರಿಯ ಎರೆಹೊಲಗಳಲ್ಲಿ ಹಿಂಗಾರಿಯ ಕಡಲೆ ಮೊಳೆಯುವುದನ್ನು ಒಕ್ಕಲಿಗನಾದವನು ಪ್ರತಿವರ್ಷವೂ ನೋಡುತ್ತಾನೆ. ಆದರೆ ಆ ಮೊಳಕೆ ಚಲಿಸುವುದನ್ನು ಯಾರೂ ಕಂಡವರಿಲ್ಲ. ನಿನ್ನೆಗಿಂತ ಇಂದು ಒಂದು ಬೆರಳು ಎತ್ತರವಾಗಿದೆ ಎಂಬುದಷ್ಟೇ ನಮ್ಮ ಕಣ್ಣಿಗೆ ಗೊತ್ತು. ನಡುವೆ ನಡೆದ ಚಲನೆಯನ್ನು ಹಿಡಿದು ತೋರಿಸಿ, ಅದರ ಬಲದಿಂದಲೇ ಸಾಲ ಪಡೆದು, ಈ ದೇಶದಲ್ಲಿ ಹೊಸದೊಂದು ಉದ್ಯಮವನ್ನು ಕಟ್ಟಿದ ಮಹನೀಯರೊಬ್ಬರಿದ್ದರು. ಅವರೇ ಧುಂಡಿರಾಜ ಗೋವಿಂದ ಫಾಲ್ಕೆ. ಲೋಕವು ಅವರನ್ನು ದಾದಾಸಾಹೇಬ ಫಾಲ್ಕೆ ಎಂದು ಬಲ್ಲದು.

ಅವರ ಜೀವನವನ್ನು ಹೇಳಹೊರಟಿರುವ ನಾನು ಚರಿತ್ರಕಾರನಲ್ಲ. ಚಲಿಸುವ ಅಕ್ಷರಗಳನ್ನೂ ಚಿತ್ರಗಳನ್ನೂ ರಚಿಸಿಕೊಟ್ಟು ಹೊಟ್ಟೆ ಹೊರೆಯುವವನು. ಈ ಕಸುಬಿಗೆ ಇಂದಿನವರು ಇಟ್ಟ ಹೆಸರು ಮೋಷನ್ ಗ್ರಾಫಿಕ್ಸ್. ಮನೆಯ ಮುಂದಿನ ಕೋಣೆಯೇ ನನ್ನ ಕಾರ್ಖಾನೆ. ಒಂದು ಕಂಪ್ಯೂಟರೇ ನನ್ನ ಬಂಡವಾಳ. ಬೀಜದಂಗಡಿಯ ಜಾಹೀರಾತು, ಶಾಲೆಯ ವಿಜ್ಞಾನಪಾಠ, ಜಾತ್ರೆಯ ಆಮಂತ್ರಣ, ಯಾರದೋ ಸಾಕ್ಷ್ಯಚಿತ್ರದ ಶೀರ್ಷಿಕೆ, ಹೀಗೆ ಕೇಳಿದವರಿಗೆ ಕೇಳಿದ್ದನ್ನು ಮಾಡಿಕೊಡುತ್ತೇನೆ. ಈಚೆಗೆ ಪರಊರಿನ ಧನಿಕರೊಬ್ಬರು ಹಣ ಹೂಡಿ ಪಾಲುದಾರರಾಗುವುದಾಗಿ ಹೇಳಿಕಳುಹಿಸಿದರು. ಒಪ್ಪಲೋ, ಬಿಡಲೋ ಎಂಬ ತೊಳಲಾಟದ ದಿನಗಳಲ್ಲಿ ಈ ಕಸುಬಿನ ಹಿರಿಯರಾದ ಫಾಲ್ಕೆಯವರ ಜೀವನವನ್ನು ಮತ್ತೊಮ್ಮೆ ಓದಿದೆನು. ಆ ಓದಿನ ಫಲವೇ ಈ ಬರಹ.

ಫಾಲ್ಕೆಯವರು ಹುಟ್ಟಿದ್ದು 1870ರ ಏಪ್ರಿಲ್ 30ರಂದು, ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ. ನಮ್ಮ ಧಾರವಾಡ ಜಿಲ್ಲೆಯೂ ಅವರ ನಾಸಿಕವೂ ಆಗ ಒಂದೇ ಮುಂಬಯಿ ಇಲಾಖೆಗೆ ಸೇರಿದ್ದವು. ತಂದೆ ಸಂಸ್ಕೃತ ವಿದ್ವಾಂಸರು. ಮಗನ ಒಲವು ಶಾಸ್ತ್ರಗ್ರಂಥಗಳ ಕಡೆಗಿರದೆ ಕುಂಚ, ಅಚ್ಚು, ಜಾದೂಗಳ ಕಡೆಗಿದ್ದಿತು. 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿ, ಅನಂತರ ಬಡೋದೆಯ ಕಲಾಭವನದಲ್ಲಿ ಚಿತ್ರಕಲೆಯೊಡನೆ ಛಾಯಾಗ್ರಹಣವನ್ನೂ ಮುದ್ರಣವಿದ್ಯೆಯನ್ನೂ ಕಲಿತರು. ಆದರ್ಶ ರಂಗಮಂದಿರವೊಂದರ ಮಾದರಿಗಾಗಿ 1892ರ ಅಹಮದಾಬಾದಿನ ಪ್ರದರ್ಶನದಲ್ಲಿ ಅವರಿಗೆ ಚಿನ್ನದ ಪದಕ ದೊರೆಯಿತು.

ಆದರೆ ಪದಕದಿಂದ ಮನೆಯ ಒಲೆ ಉರಿಯದು. ಗೋಧ್ರಾ ಪಟ್ಟಣದಲ್ಲಿ ಫೋಟೋ ಅಂಗಡಿಯನ್ನು ತೆರೆದರು. ಪ್ಲೇಗು ಬಂದು ಅವರ ಮೊದಲ ಹೆಂಡತಿಯನ್ನೂ ಮಗುವನ್ನೂ ಕೊಂಡೊಯ್ದಿತು. ದುಃಖವನ್ನು ಹೊತ್ತು ಬಡೋದೆಗೆ ಮರಳಿ ಅದೇ ವೃತ್ತಿಯನ್ನು ಹೂಡಿದಾಗ, ಕ್ಯಾಮರಾ ಮನುಷ್ಯನ ಪ್ರಾಣಶಕ್ತಿಯನ್ನು ಹೀರಿಬಿಡುತ್ತದೆ ಎಂಬ ವದಂತಿ ಊರಲ್ಲಿ ಹಬ್ಬಿತು. ಗಿರಾಕಿಗಳು ಬಾರದಾದರು. ಆಗ ಅವರು ಹಿಡಿದ ದಾರಿ ನಾಟಕ ಕಂಪನಿಗಳಿಗೆ ಪರದೆಗಳನ್ನು ಬರೆದುಕೊಡುವುದು. ಕಂಪನಿ ನಾಟಕಗಳ ವೈಭವವನ್ನು ಕಂಡ ನಮ್ಮ ಹಿರಿಯರಿಗೆ ಈ ಕೆಲಸದ ಬೆಲೆ ತಿಳಿದಿದೆ. ಒಂದು ಪರದೆ ಸುರುಳಿ ಬಿಚ್ಚಿದರೆ ಅರಮನೆ, ಇನ್ನೊಂದು ಬಿಚ್ಚಿದರೆ ಅರಣ್ಯ. ಇದರೊಡನೆ ಜಾದೂವನ್ನೂ ಕಲಿತು, ತಮ್ಮ ಹೆಸರಿನ ಅಕ್ಷರಗಳನ್ನೇ ತಿರುವುಮುರುವು ಮಾಡಿ, ಪ್ರೊಫೆಸರ್ ಕೆಲ್ಫಾ ಎಂಬ ಹೆಸರಿನಿಂದ ಪ್ರದರ್ಶನಗಳನ್ನು ಕೊಟ್ಟರು. ಚಿತ್ರ, ಪರದೆ, ಫೋಟೋ, ಜಾದೂ ಎಂದು ಒಂದು ಕಸುಬಿನಿಂದ ಇನ್ನೊಂದಕ್ಕೆ ಹಾರಿದ ಈ ಅಲೆದಾಟವು ಅಂದಿನವರಿಗೆ ಚಂಚಲತೆಯಾಗಿ ಕಂಡಿರಬೇಕು. ಮುಂದೆ ಬರಲಿದ್ದ ಒಂದೇ ಕಸುಬಿಗೆ ಇವೆಲ್ಲವೂ ಬೇಕಾಗಿದ್ದವು ಎಂಬುದು ಸ್ವತಃ ಅವರಿಗೂ ತಿಳಿದಿರಲಿಲ್ಲ.

1902ರಲ್ಲಿ ಅವರು ಮರುಮದುವೆಯಾದರು. ಕೈಹಿಡಿದಾಕೆ ಗಿರಿಜಾ ಕರಂದೀಕರ, ಕಿರ್ಲೋಸ್ಕರ ನಾಟಕ ಮಂಡಳಿಯ ಒಡೆಯರ ಬಂಧುವರ್ಗದವರು. ಆ ಮಂಡಳಿಯನ್ನು ಹುಟ್ಟುಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರೆಂಬುದನ್ನು ಇಲ್ಲಿ ನೆನೆಯಬಹುದು. ಮದುವೆಯಾದ ಬಳಿಕ ಆಕೆ ಸರಸ್ವತೀಬಾಯಿಯಾದರು. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ.

ಕೆಲಕಾಲ ಪುರಾತತ್ತ್ವ ಇಲಾಖೆಯಲ್ಲಿ ಛಾಯಾಗ್ರಾಹಕರಾಗಿದ್ದ ಫಾಲ್ಕೆಯವರು ಸ್ವದೇಶೀ ಚಳವಳಿಯ ದಿನಗಳಲ್ಲಿ ಆ ನೌಕರಿಯನ್ನು ಬಿಟ್ಟರು. ಲೋಣಾವಳಿಯಲ್ಲಿ ರಾಜಾ ರವಿವರ್ಮನ ಚಿತ್ರಗಳನ್ನು ಅಚ್ಚುಮಾಡುತ್ತಿದ್ದ ಮುದ್ರಣಾಲಯಕ್ಕಾಗಿ ದುಡಿದು, ಬಳಿಕ ಪಾಲುದಾರರೊಡನೆ ತಮ್ಮದೇ ಮುದ್ರಣಾಲಯವನ್ನು ಸ್ಥಾಪಿಸಿದರು. ಬಣ್ಣದ ಅಚ್ಚಿನ ಯಂತ್ರಗಳಿಗಾಗಿ 1909ರಲ್ಲಿ ಜರ್ಮನಿಗೂ ಹೋಗಿಬಂದರು. ಕೆಲಸಕ್ಕೆ ಒಳ್ಳೆಯ ಹೆಸರು ಬಂದಿತು. ಆದರೆ ಕಾರ್ಖಾನೆ ನಡೆಯಬೇಕಾದ ರೀತಿಯ ಬಗೆಗೆ ಪಾಲುದಾರರಿಗೂ ಅವರಿಗೂ ಭಿನ್ನಾಭಿಪ್ರಾಯ ಬೆಳೆಯಿತು. ಕೊನೆಗೆ, ಪರಿಹಾರವೆಂದು ಏನನ್ನೂ ಪಡೆಯದೆ, ಬರಿಗೈಯಲ್ಲಿ ಹೊರಗೆ ನಡೆದರು. ಆಗ ಅವರ ವಯಸ್ಸು 40ರ ಆಸುಪಾಸು.

ಹಾಗೆ ಕೆಲಸವಿಲ್ಲದೆ ಕುಳಿತಿದ್ದಾಗ, 1911ರ ಈಸ್ಟರ್ ಹಬ್ಬದ ಸಮಯದಲ್ಲಿ, ಮುಂಬಯಿಯ ಗಿರಗಾಂವಿನ ಡೇರೆಯೊಂದರಲ್ಲಿ ಅವರು ಯೇಸುಕ್ರಿಸ್ತನ ಜೀವನದ ಚಲಚ್ಚಿತ್ರವನ್ನು ನೋಡಿದರು. ಕ್ರಿಸ್ತನ ಜಾಗದಲ್ಲಿ ರಾಮನನ್ನೂ ಕೃಷ್ಣನನ್ನೂ ಮನಸ್ಸಿನಲ್ಲೇ ನಿಲ್ಲಿಸಿ ನೋಡಿದರೆಂದು ಮುಂದೆ ಅವರೇ ಬರೆದಿದ್ದಾರೆ. ಅಂದಿನಿಂದ ಹಗಲೂ ಇರುಳೂ ಅದೇ ಧ್ಯಾನ. ಎಡೆಬಿಡದೆ ಚಿತ್ರಗಳನ್ನು ನೋಡಿ ನೋಡಿ ಕಣ್ಣುಗಳು ಕೆಟ್ಟು ಕೆಲಕಾಲ ದೃಷ್ಟಿಯೇ ಮಂಕಾಯಿತು. ವೈದ್ಯರ ಉಪಚಾರದಿಂದ ಕಣ್ಣು ಮರಳಿತು. ಹಟ ಮಾತ್ರ ಇಳಿಯಲಿಲ್ಲ. ತಮ್ಮ ಜೀವವಿಮೆಯ ಪಾಲಿಸಿಗಳನ್ನು ಒತ್ತೆಯಿಟ್ಟು ಹಣ ಹೊಂದಿಸಿ, 1912ರ ಫೆಬ್ರುವರಿಯಲ್ಲಿ ಲಂಡನ್ನಿಗೆ ಹಡಗು ಹತ್ತಿದರು. ಅಲ್ಲಿ ಸೆಸಿಲ್ ಹೆಪ್ವರ್ತ್ ಎಂಬ ನಿರ್ಮಾಪಕರ ಸ್ಟುಡಿಯೋದಲ್ಲಿ ಕೆಲಸವನ್ನು ಕಣ್ಣಾರೆ ಕಂಡು, ವಿಲಿಯಮ್ಸನ್ ಕ್ಯಾಮರಾವನ್ನು ಕೊಂಡು, ಎರಡೇ ತಿಂಗಳಲ್ಲಿ ಹಿಂದಿರುಗಿದರು.

ಕ್ಯಾಮರಾ ಬಂದಿತು, ಚಿತ್ರ ತೆಗೆಯಲು ಹಣವಿಲ್ಲ. ಕಾಣದ ವಸ್ತುವಿಗೆ ಸಾಲ ಕೊಡುವವರು ಯಾರು? ಆಗ ಅವರು ಒಂದು ಕುಂಡದಲ್ಲಿ ಬಟಾಣಿ ಕಾಳುಗಳನ್ನು ಊರಿ, ಎದುರಿಗೆ ಕ್ಯಾಮರಾವನ್ನು ಕದಲದಂತೆ ನಿಲ್ಲಿಸಿದರು. ತಿಂಗಳಿಗೂ ಮಿಕ್ಕಿ, ಬಿಡದೆ, ಒಂದೊಂದೇ ಚಿತ್ರವನ್ನು ತೆಗೆಯುತ್ತ ಹೋದರು. ಪರದೆಯ ಮೇಲೆ ಅದು ಒಂದು ನಿಮಿಷಕ್ಕಿಂತ ತುಸು ಹೆಚ್ಚು ಕಾಲ ಓಡಿತು. ಕಾಳು ಒಡೆದು, ಮೊಳಕೆ ಎದ್ದು, ಬಳ್ಳಿಯಾಗಿ ತೂಗಿತು. ಆರಿಸಿದ ಕೆಲವರನ್ನು ಕರೆದು ಇದನ್ನು ತೋರಿಸಿದರು. ನೋಡಿದವರಲ್ಲಿ ಕೆಲವರು ಸಾಲ ಕೊಡಲು ಮುಂದಾದರು.

ಕಸುಬುದಾರನಾದ ನನಗೆ ಈ ಸಂಗತಿ ಇಡೀ ಚರಿತ್ರೆಯ ತಿರುಳಾಗಿ ತೋರುತ್ತದೆ. ಅಂದಿನ ಮೂಕಚಿತ್ರಕ್ಕೆ ಸೆಕೆಂಡಿಗೆ ಸುಮಾರು 16 ಚಿತ್ರಗಳು ಬೇಕು. ಅಂದರೆ ನಿಮಿಷಕ್ಕೆ ಸಾವಿರದ ಸಮೀಪ. ಇಂದು ನಾನು ಸೆಕೆಂಡಿಗೆ 25 ಚಿತ್ರಗಳಂತೆ ಕೆಲಸ ಮಾಡುತ್ತೇನೆ. ಎರಡು ಸ್ಥಿತಿಗಳ ನಡುವಿನ ಚಿತ್ರಗಳನ್ನು ಯಂತ್ರವೇ ತುಂಬಿಕೊಡುತ್ತದೆ. ಫಾಲ್ಕೆಯವರಿಗೆ ಅವನ್ನು ತುಂಬಿಕೊಟ್ಟದ್ದು ತಾಳ್ಮೆಯೊಂದೇ. ಮಾತಿನಿಂದ ಒಲಿಯದ ಧನಿಕನು ಒಂದು ನಿಮಿಷದ ಮಾದರಿಯಿಂದ ಒಲಿದನು. ಬರಲಿರುವ ಕೆಲಸಕ್ಕೆ ಮಾಡಿದ ಕೆಲಸವೇ ಜಾಮೀನು ಎಂಬ ಪಾಠವನ್ನು ನಮ್ಮ ಕಸುಬಿಗೆ ಅವರು ಹಾಕಿಕೊಟ್ಟರು.

ಮುಂದೆ ದಾದರಿನ ಅವರ ಮನೆಯೇ ಕಾರ್ಖಾನೆಯಾಯಿತು. ಸಿನಿಮಾದಲ್ಲಿ ಕೆಲಸ ಮಾಡುವುದು ಅಂದಿನ ಸಮಾಜದಲ್ಲಿ ಮರ್ಯಾದೆಯ ಸಂಗತಿಯಾಗಿರಲಿಲ್ಲ. ಆದುದರಿಂದ ಯಾರಾದರೂ ಕೇಳಿದರೆ ಹರಿಶ್ಚಂದ್ರನ ಕಾರ್ಖಾನೆಯಲ್ಲಿ ದುಡಿಯುತ್ತೇವೆಂದು ಹೇಳುವಂತೆ ಫಾಲ್ಕೆಯವರು ತಮ್ಮ ಜನರಿಗೆ ತಿಳಿಸಿದ್ದರು. ತಾರಾಮತಿಯ ಪಾತ್ರಕ್ಕೆ ಹೆಂಗಸರು ದೊರೆಯಲಿಲ್ಲ. ಗ್ರಾಂಟ್ ರೋಡಿನ ಉಪಾಹಾರಗೃಹವೊಂದರಲ್ಲಿ ಅಡುಗೆಯವನಾಗಿದ್ದ ಅಣ್ಣಾ ಸಾಳುಂಕೆ ಎಂಬ ತರುಣನೇ ತಾರಾಮತಿಯಾದನು. ಹರಿಶ್ಚಂದ್ರನಾದವರು ದತ್ತಾತ್ರೇಯ ದಾಮೋದರ ದಾಬ್ಕೆ. ಹಿರಿಯ ಮಗ ಭಾಲಚಂದ್ರನೇ ರೋಹಿದಾಸ, ನಮ್ಮ ರಾಘವಾಂಕನ ಕಾವ್ಯದ ಲೋಹಿತಾಶ್ವ.

ಸರಸ್ವತೀಬಾಯಿಯವರ ಪಾಲಿನ ಕೆಲಸವನ್ನು ಲೆಕ್ಕ ಹಾಕುವುದು ಕಷ್ಟ. ಕಚ್ಚಾ ಫಿಲ್ಮಿನ ಅಂಚುಗಳಿಗೆ ರಂಧ್ರಗಳಿಲ್ಲದೆ ಅದು ಕ್ಯಾಮರಾದಲ್ಲಿ ಓಡದು. ಹಗಲೆಲ್ಲ ತಂಡದವರಿಗೆ ಅಡುಗೆ ಮಾಡಿ ಬಡಿಸಿ, ಅವರ ಉಡುಪುಗಳನ್ನು ಒಗೆದ ಆಕೆ, ಇರುಳು ಕತ್ತಲೆಯ ಕೋಣೆಯಲ್ಲಿ ಕುಳಿತು ಆ ರಂಧ್ರಗಳನ್ನು ಕೊರೆಯುತ್ತಿದ್ದರು. ಚಿತ್ರೀಕರಣಕ್ಕೆ ನೆರವಾದರು; ಫಿಲ್ಮು ತೊಳೆಯುವ ರಸಾಯನಗಳನ್ನು ಬೆರೆಸುವುದನ್ನೂ ಕಲಿತರು. ಹಣ ಮುಗಿದಾಗ ಒಡವೆಗಳನ್ನು ಬಿಚ್ಚಿಕೊಟ್ಟರು. ಹೀಗೆ 6 ತಿಂಗಳು 27 ದಿನಗಳ ದುಡಿಮೆಯಿಂದ 3,700 ಅಡಿಗಳ ರಾಜಾ ಹರಿಶ್ಚಂದ್ರ ಸಿದ್ಧವಾಗಿ, 1913ರ ಮೇ 3ರಂದು ಗಿರಗಾಂವಿನ ಕಾರೊನೇಷನ್ ಚಿತ್ರಮಂದಿರದಲ್ಲಿ ಸಾರ್ವಜನಿಕರ ಮುಂದೆ ಬಂದಿತು. ಜನ ಮುಗಿಬಿದ್ದು ನೋಡಿದರು.

ಗೆಲುವಿನ ಬೆನ್ನಿಗೇ 1914ರ ಮಹಾಯುದ್ಧ ಬಂದಿತು. ಸಾಲ ಕೊಡುವವರು ಕೈ ಹಿಂದೆಗೆದರು. ಕಚ್ಚಾ ಫಿಲ್ಮು ದುರ್ಲಭವಾಯಿತು. ದೊಡ್ಡ ಚಿತ್ರ ಅಸಾಧ್ಯವಾದಾಗ ಫಾಲ್ಕೆಯವರು ಕಿರುಚಿತ್ರಗಳಿಗೆ ಇಳಿದರು. ಬೆಂಕಿಕಡ್ಡಿಗಳನ್ನು ಸ್ವಲ್ಪ ಸ್ವಲ್ಪವೇ ಸರಿಸಿ, ಪ್ರತಿ ಸಲವೂ ಒಂದು ಚಿತ್ರ ತೆಗೆದು, ಅವು ತಾವೇ ಕುಣಿಯುವಂತೆ ಮಾಡಿದರು. ನಿರ್ಜೀವ ವಸ್ತುವನ್ನು ನಡೆಸುವ ನಮ್ಮ ವಿದ್ಯೆಗೆ ಈ ದೇಶದಲ್ಲಿ ಅದೇ ಮೊದಲ ಮೆಟ್ಟಿಲು. ನೆರವನ್ನು ಅರಸುತ್ತ ಸಂಸ್ಥಾನಗಳಲ್ಲಿ ಸುತ್ತಿದರು. ಆ ಸಂಚಾರದಲ್ಲಿ ಔಂಧ, ಇಂದೂರು, ಮಿರಜಗಳೊಡನೆ ನಮ್ಮ ಜಮಖಂಡಿಯೂ ಸೇರಿದ್ದಿತು. ಕಸುಬನ್ನು ಕೈಬಿಡಲಿಲ್ಲ ಎಂಬುದೇ ಆ ವರ್ಷಗಳ ಅವರ ಸಾಧನೆ.

1917ರ ಲಂಕಾದಹನವು ದಾರಿದ್ರ್ಯವನ್ನು ನೀಗಿಸಿತು. ಅದರಲ್ಲಿ ರಾಮನೂ ಸೀತೆಯೂ ಒಬ್ಬನೇ ಸಾಳುಂಕೆ. ಆ ಯಶಸ್ಸನ್ನು ಕಂಡು ಧನಿಕರು ತಾವಾಗಿಯೇ ಬಂದರು. 1918ರಲ್ಲಿ ಹಿಂದುಸ್ಥಾನ್ ಫಿಲ್ಮ್ಸ್ ಕಂಪನಿ ಹುಟ್ಟಿತು. ಶ್ರೀಕೃಷ್ಣಜನ್ಮ, ಕಾಲಿಯಮರ್ದನ ಚಿತ್ರಗಳಲ್ಲಿ ಅವರ ಮಗಳು ಪುಟ್ಟ ಮಂದಾಕಿನಿ ಬಾಲಕೃಷ್ಣಳಾಗಿ ಜನರ ಕಣ್ಮಣಿಯಾದಳು. ಆದರೆ ಅಚ್ಚಿನ ಮನೆಯಲ್ಲಿ ನಡೆದುದೇ ಇಲ್ಲಿಯೂ ನಡೆಯಿತು. ಪಾಲುದಾರರಿಗೆ ಖರ್ಚಿನ ಲೆಕ್ಕ ಬೇಕು, ಕಾಲದ ಮಿತಿ ಬೇಕು. ಫಾಲ್ಕೆಯವರಿಗೆ ಚಿತ್ರದ ಮೇಲೆ ಯಾರ ಕೈಯೂ ಬೇಡ. ಕಂಪನಿಯನ್ನು ತೊರೆದು ಕುಟುಂಬದೊಡನೆ ಕಾಶಿಗೆ ಹೊರಟುಹೋದರು. ಅಲ್ಲಿ ರಂಗಭೂಮಿ ಎಂಬ ನಾಟಕವನ್ನು ಬರೆದರು. 1922ರಲ್ಲಿ ಅದೇ ಕಂಪನಿಗೆ ಮರಳಿದರು. ಆದರೆ ಹಳೆಯ ಒಡೆತನ ಮರಳಲಿಲ್ಲ.

ಈ ಕಲಹಗಳಲ್ಲಿ ಕಲಾವಿದನನ್ನು ಹೊಗಳಿ ಹಣವಂತನನ್ನು ಹಳಿಯುವುದು ನಮಗೆ ರೂಢಿ. ನಾನು ಹಾಗೆ ಮಾಡಲಾರೆ. ಹಣ ಕೊಟ್ಟವನು ಲೆಕ್ಕ ಕೇಳುವುದು ಅಪಮಾನವಲ್ಲ. ಫಾಲ್ಕೆಯವರು ಸ್ವತಃ ಎಲ್ಲವನ್ನೂ ಬಲ್ಲವರಾಗಿದ್ದರು; ಬರೆಯುವುದು, ಬಣ್ಣ ಹಚ್ಚುವುದು, ಚಿತ್ರ ತೆಗೆಯುವುದು, ತೊಳೆಯುವುದು, ಜೋಡಿಸುವುದು, ತೋರಿಸುವುದು. ಎಲ್ಲವನ್ನೂ ಬಲ್ಲವನಿಗೆ ಇನ್ನೊಬ್ಬನ ಮಾತು ಅಡ್ಡಿಯಾಗಿಯೇ ಕೇಳಿಸುತ್ತದೆ. ಅವರನ್ನು ಮೇಲೆತ್ತಿದ ಗುಣವೇ ಅವರನ್ನು ಒಂಟಿಯಾಗಿಸಿತು.

ಕಾಲವೂ ಬದಲಾಯಿತು. ಚಿತ್ರಕ್ಕೆ ಮಾತು ಬಂದಿತು. ಮೂಕಚಿತ್ರವಾಗಿ ತೆಗೆದ ಸೇತುಬಂಧನಕ್ಕೆ ಆಮೇಲೆ ಧ್ವನಿ ಸೇರಿಸಬೇಕಾಯಿತು. 1937ರಲ್ಲಿ ಕೊಲ್ಹಾಪುರದಲ್ಲಿ ಗಂಗಾವತರಣವನ್ನು ನಿರ್ಮಿಸಿದರು. ಅವರ ಮಾತಿನ ಚಿತ್ರ ಅದೊಂದೇ. 90ಕ್ಕೂ ಹೆಚ್ಚು ಕಥಾಚಿತ್ರಗಳನ್ನು ಕೊಟ್ಟ ಆ ಜೀವ 1944ರ ಫೆಬ್ರುವರಿ 16ರಂದು ನಾಸಿಕದಲ್ಲಿ, ಉದ್ಯಮವು ಹೆಚ್ಚುಕಡಮೆ ಮರೆತ ಸ್ಥಿತಿಯಲ್ಲಿ, ಕಣ್ಮುಚ್ಚಿತು. 1969ರಲ್ಲಿ ಭಾರತ ಸರಕಾರವು ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿತು. ನಮ್ಮ ಡಾ. ರಾಜಕುಮಾರರಿಗೂ, ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರಿಗೂ ಅದು ಸಂದಿದೆ. ಸರಸ್ವತೀಬಾಯಿಯವರ ಹೆಸರನ್ನು ಆ ಪ್ರಶಸ್ತಿ ಹೊತ್ತಿಲ್ಲ.

ಚರಿತ್ರೆಯನ್ನು ಮುಚ್ಚಿಟ್ಟಾಗ ನನ್ನನ್ನು ಕಾಡಿದ್ದು ಪಾಲುದಾರರ ಪ್ರಶ್ನೆಗಿಂತ ಈ ಕೊನೆಯ ಪ್ರಶ್ನೆಯೇ. ಫಾಲ್ಕೆಯವರು ಹೊರಗಿನಿಂದ ಪಡೆದ ಪಾಲುದಾರರು ಎರಡು ಸಲ ಬಂದರು, ಎರಡು ಸಲ ಬೇರಾದರು. ಮನೆಯೊಳಗಿನ ಪಾಲುದಾರಳು ಮಾತ್ರ ಕೊನೆಯವರೆಗೂ ಇದ್ದಳು; ಆಕೆಯ ಪಾಲು ಯಾವ ಪತ್ರದಲ್ಲಿಯೂ ಬರೆಯಲ್ಪಟ್ಟಿರಲಿಲ್ಲ. ನನ್ನ ಸಣ್ಣ ಕಾರ್ಖಾನೆಯನ್ನು ಆ ಕಣ್ಣಿನಿಂದ ನೋಡಿದೆನು. ಕಂಪ್ಯೂಟರು ಕೊಂಡದ್ದು ಹೆಂಡತಿಯ ಬಳೆಗಳನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು. ಪಾಠದ ಚಿತ್ರಗಳಿಗೆ ಧ್ವನಿ ಅವಳದು. ಬಾಕಿ ಕೊಡದವರಿಗೆ ಫೋನು ಮಾಡಿ ಮಾತಿನಲ್ಲಿ ಸಿಹಿ ಕೆಡದಂತೆ ಹಣ ಕೇಳುವವಳೂ ಅವಳೇ. ನನ್ನ ಬಿಲ್ಲುಗಳಲ್ಲಿ ಮಾತ್ರ ನನ್ನ ಒಬ್ಬನ ಹೆಸರಿದ್ದಿತು.

ಪರಊರಿನ ಧನಿಕರಿಗೆ ಮೊನ್ನೆ ಉತ್ತರ ಬರೆದೆನು. ಹಣದ ಲೆಕ್ಕ ತಿಂಗಳಿಗೊಮ್ಮೆ ಅವರ ಮುಂದೆ ಇರುವುದು. ಚಿತ್ರ ಹೇಗಿರಬೇಕೆಂಬ ತೀರ್ಮಾನ ನಮ್ಮದಾಗಿರುವುದು. ಪಾಲುಪತ್ರದಲ್ಲಿ ಮೂರು ಹೆಸರುಗಳಿರುವುವು, ಮೊದಲನೆಯದು ನನ್ನ ಹೆಂಡತಿಯದು. ಅವರು ಒಪ್ಪಿಯಾರೋ ಇಲ್ಲವೋ ತಿಳಿಯದು. ಒಪ್ಪದಿದ್ದರೂ ಚಿಂತೆಯಿಲ್ಲ, ಒಂದು ಕುಂಡದಲ್ಲಿ ಕಡಲೆಕಾಳು ಊರಿ, ಎದುರಿಗೆ ಕ್ಯಾಮರಾ ನಿಲ್ಲಿಸಿದ್ದೇನೆ. ದಿನವೂ ಬೆಳಿಗ್ಗೆ ಅದಕ್ಕೆ ನೀರು ಹನಿಸುವವಳು ಅವಳು. ಚಿತ್ರ ತೆಗೆಯುವವನು ನಾನು.