ಬರ್ಟ್ರಂಡ್ ರಸೆಲ್ಲರ ನ್ಯಾಯಪೀಠ

ಯಳಂದೂರು ಸೀಮೆಯವರಿಗೆ ಆತ್ಮೀಯನಾದ ಕವಿ ಷಡಕ್ಷರದೇವನ ‘ರಾಜಶೇಖರವಿಳಾಸ’ವನ್ನು ಓದಿದವರು ತಿರುಕೊಳವಿನಾಚಿಯ ಗೋಳನ್ನು ಮರೆಯಲಾರರು. ಕುದುರೆಯ ತುಳಿತಕ್ಕೆ ಕಂದನನ್ನು ಕಳೆದುಕೊಂಡ ಆ ತಾಯಿಯ ಮೊರೆಗೆ ಓಗೊಟ್ಟು ಸತ್ಯೇಂದ್ರಚೋಳನು ಸ್ವಂತ ಮಗನಿಗೇ ಮರಣದಂಡನೆ ವಿಧಿಸಿದನು. ಆದರೆ ಆಳುವವರೇ ಆರೋಪಿಗಳಾಗಿ, ಮೊರೆ ಕೇಳುವ ಆಸ್ಥಾನವೇ ಇಲ್ಲದಾಗ ನೊಂದವರು ಎಲ್ಲಿಗೆ ಹೋಗಬೇಕು? ಇಳಿವಯಸ್ಸಿನಲ್ಲಿ ಈ ಪ್ರಶ್ನೆಗೆ ಉತ್ತರವನ್ನರಸಿದವರು ಬರ್ಟ್ರಂಡ್ ರಸೆಲ್ಲರು.

1872ರ ಮೇ 18ರಂದು ಬ್ರಿಟನ್ನಿನ ಪ್ರತಿಷ್ಠಿತ ಮನೆತನದಲ್ಲಿ ಜನಿಸಿದ ಅವರು ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆದರು. ಕೇಂಬ್ರಿಜ್‌ನಲ್ಲಿ ಗಣಿತ ಹಾಗೂ ತತ್ತ್ವಶಾಸ್ತ್ರಗಳಲ್ಲಿ ಪಾರಂಗತರಾದರು. ಮೊದಲ ಮಹಾಯುದ್ಧವನ್ನು ವಿರೋಧಿಸಿ 1916ರಲ್ಲಿ ಅಧ್ಯಾಪಕ ಪದವಿಯನ್ನು ಕಳೆದುಕೊಂಡರು; 1918ರಲ್ಲಿ ಸೆರೆಮನೆವಾಸವನ್ನೂ ಅನುಭವಿಸಿದರು. ಆದರೂ ಹಿಟ್ಲರನನ್ನು ಎದುರಿಸುವ ಯುದ್ಧ ಅನಿವಾರ್ಯವೆಂದು ಮುಂದೆ ಒಪ್ಪಿಕೊಂಡರು. 1932ರಲ್ಲಿ ಇಂಡಿಯಾ ಲೀಗಿನ ನಿಯೋಗವು ನಮ್ಮ ದೇಶದಲ್ಲಿ ಸಂಚರಿಸಿ ಬ್ರಿಟಿಷರ ದಮನನೀತಿಯನ್ನು ಕುರಿತು ವರದಿ ಸಿದ್ಧಪಡಿಸಿದಾಗ, ಅದಕ್ಕೆ ಮುನ್ನುಡಿ ಬರೆದವರು ರಸೆಲ್ಲರೇ. ಸರ್ಕಾರದ ಅಪ್ಪಣೆಯಿಲ್ಲದ ವಿಚಾರಣೆಯ ಬೆಲೆಯನ್ನು ಭಾರತೀಯರು ಅಂದೇ ಕಂಡರು. 1950ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು.

ತೊಂಬತ್ತನಾಲ್ಕರ ವಯಸ್ಸಿನಲ್ಲಿ, ಎಂದರೆ 1966ರಲ್ಲಿ, ವಿಯಟ್ನಾಂ ಯುದ್ಧದ ವಿಚಾರಣೆಗಾಗಿ ಅವರು ಜನತಾ ನ್ಯಾಯಪೀಠವನ್ನು ಕಟ್ಟಿದರು. ಸಾರ್ತ್ರ್ ಅದರ ಕಾರ್ಯನಿರ್ವಾಹಕ ಅಧ್ಯಕ್ಷರು. ಫ್ರಾನ್ಸ್ ಅವಕಾಶ ನಿರಾಕರಿಸಿದ್ದರಿಂದ 1967ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲೂ ಡೆನ್ಮಾರ್ಕಿನ ರಾಸ್ಕಿಲ್ಡೆಯಲ್ಲೂ ಅಧಿವೇಶನಗಳು ಜರುಗಿದವು. ಬಾಂಬಿನಿಂದ ಗಾಯಗೊಂಡ ಪ್ರಜೆಗಳೂ ಅಮೆರಿಕದ ಮಾಜಿ ಸೈನಿಕರೂ ಸಾಕ್ಷ್ಯ ನುಡಿದರು. ಅಮೆರಿಕವು ಅಂತಾರಾಷ್ಟ್ರೀಯ ಕಾನೂನನ್ನು ಮೀರಿ ಆಕ್ರಮಣ ನಡೆಸಿತೆಂದು ಪೀಠವು ತೀರ್ಮಾನಿಸಿತು.

ಈ ಅಧಿಕಾರವನ್ನು ಇವರಿಗೆ ಕೊಟ್ಟವರಾರು ಎಂಬ ಆಕ್ಷೇಪಣೆ ಎದ್ದಿತು. ದಂಡಿಸುವ ಶಕ್ತಿ ತಮಗಿಲ್ಲವೆಂಬುದನ್ನು ರಸೆಲ್ಲರು ಬಲ್ಲರು. ನ್ಯೂರೆಂಬರ್ಗಿನಲ್ಲಿ ಸೋತವರಿಗೆ ವಿಧಿಸಿದ ಧರ್ಮವು ಗೆದ್ದವರಿಗೂ ಅನ್ವಯಿಸಬೇಕು, ಸತ್ಯವು ದಾಖಲಾಗಬೇಕು ಎಂಬುದಷ್ಟೇ ಅವರ ನಿಲುವು. ಅಮೆರಿಕದ ಪಡೆ 1968ರ ಮಾರ್ಚಿನಲ್ಲಿ ಮೈ ಲಾಯ್ ಗ್ರಾಮದಲ್ಲಿ ನಡೆಸಿದ ಹತ್ಯಾಕಾಂಡವು ಮರುವರ್ಷ ಬಯಲಾದಾಗ, ಆ ಸಾಕ್ಷ್ಯಗಳನ್ನು ಕಟ್ಟುಕತೆಯೆಂದು ತಳ್ಳಿಹಾಕುವುದು ಕಷ್ಟವಾಯಿತು.

ಆದರೆ ಮತ್ತೊಂದು ಆಕ್ಷೇಪಣೆ ನಿಂತೇ ಇದೆ. ಪೀಠದ ಸದಸ್ಯರು ಮೊದಲೇ ಆ ಯುದ್ಧದ ವಿರೋಧಿಗಳು; ಎದುರುಪಕ್ಷವಾದ ವಿಮೋಚನಾರಂಗದ ಹಿಂಸೆಯನ್ನು ಅವರು ವಿಚಾರಣೆಗೆ ಒಳಪಡಿಸಲಿಲ್ಲ. ಸತ್ಯೇಂದ್ರಚೋಳನ ಹಿರಿಮೆಯಿರುವುದು ಅವನ ಕಿರೀಟದಲ್ಲಲ್ಲ, ತನ್ನವನನ್ನೂ ಬಿಡದ ಸಮದೃಷ್ಟಿಯಲ್ಲಿ. ರಾಜಮುದ್ರೆಯಿಲ್ಲದ ಪೀಠಕ್ಕೆ ಈ ಸಮದೃಷ್ಟಿಯೊಂದೇ ಮುದ್ರೆ.

1970ರ ಫೆಬ್ರವರಿ 2ರಂದು ರಸೆಲ್ಲರು ಕಾಲವಾದರು. ಕೊರತೆಯಿದ್ದರೂ, ಆಸ್ಥಾನದ ಬಾಗಿಲು ಮುಚ್ಚಿದಾಗ ನೊಂದವರ ಮೊರೆಗೆ ಅವರು ಕಿವಿಯಾದರು.