ನಮ್ಮ ಸೀಮೆಯ ಮೊದಲ ಧರ್ಮಾಧ್ಯಕ್ಷರು: ಮಾತೆವ್ ದೆ ಕಾಸ್ತ್ರೊ



ಹೋದ ತಿಂಗಳು ಯುವಜನರ ಸಭೆಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ. ನಮ್ಮ ಧರ್ಮ ಪರದೇಶದ್ದು, ಪೋರ್ತುಗೀಜರು ತಂದದ್ದು ಎಂದು ಕಾಲೇಜಿನ ಗೆಳೆಯರು ಹೇಳುತ್ತಾರಂತೆ, ಅವರಿಗೆ ಏನು ಉತ್ತರ ಕೊಡಬೇಕು ಎಂದು. ನಾನು ಸಂತ ತೋಮಸರ ಕಥೆ ಹೇಳಿದೆ. ಅದು ಕೇರಳದ ಮಾತಾಯಿತು, ನಮ್ಮ ಕಡೆಯದ್ದು ಹೇಳಿ ಎಂದ. ನಾನು ಬಿ.ಎಸ್ಸಿ. ಓದಿದವನು, ಇತಿಹಾಸ ನನ್ನ ವಿಷಯವಲ್ಲ. ಸುಮ್ಮನಾದೆ. ಆಮೇಲೆ ಓದುತ್ತಾ ಹೋದಾಗ ಸಿಕ್ಕವರೇ ಧರ್ಮಾಧ್ಯಕ್ಷ ಮಾತೆವ್ ದೆ ಕಾಸ್ತ್ರೊ. ಅವರ ಬದುಕನ್ನು ಇಲ್ಲಿ ಚಿಕ್ಕದಾಗಿ ಬರೆದಿದ್ದೇನೆ.

ಮಾತೆವ್ ಹುಟ್ಟಿದ್ದು 1594ರ ಸುಮಾರಿಗೆ, ಗೋವೆಯ ದಿವಾಡಿ ದ್ವೀಪದಲ್ಲಿ. ಕ್ರೈಸ್ತರಾಗಿದ್ದ ಬ್ರಾಹ್ಮಣ ಮನೆತನ, ಮಹಾಲೆ ಎಂಬುದು ಮನೆತನದ ಹೆಸರು. ಗುರುವಾಗಬೇಕೆಂಬ ಆಸೆ ಹುಡುಗನಿಗೆ. ಆದರೆ ಗೋವೆಯ ಮಹಾಧರ್ಮಾಧ್ಯಕ್ಷರಿಗೆ ಅವರಿಗೆ ಗುರುದೀಕ್ಷೆ ಕೊಡುವ ಮನಸ್ಸಿರಲಿಲ್ಲ. ಆಗ ಪೂರ್ವದೇಶಗಳ ಧರ್ಮಸಭೆಯ ವ್ಯವಸ್ಥೆ ಪೋರ್ತುಗಲ್ ದೊರೆಯ ಕೈಯಲ್ಲಿತ್ತು. ದೇವಾಲಯ ಕಟ್ಟಿಸುವುದು, ಗುರುಗಳ ಖರ್ಚು ನೋಡುವುದು ಅವನ ಹೊಣೆ. ಧರ್ಮಾಧ್ಯಕ್ಷರ ಹೆಸರು ಸೂಚಿಸುವುದು ಅವನ ಹಕ್ಕು. ಪದ್ರುವಾದೊ ಎಂದು ಇದಕ್ಕೆ ಹೆಸರು. ಇದರಿಂದ ಕೆಲಸಗಳೇನೋ ನಡೆದವು. ಆದರೆ ದೊರೆಯ ಧ್ವಜ ಯಾವುದು, ಕ್ರಿಸ್ತರ ಶಿಲುಬೆ ಯಾವುದು ಎಂದು ಬಿಡಿಸಿ ನೋಡುವುದು ಜನರಿಗೆ ಕಷ್ಟವಾಯಿತು.

ಮಾತೆವ್ ಮನೆಯಲ್ಲಿ ಕೂರಲಿಲ್ಲ. ಪರ್ಷಿಯಾ, ಜೆರುಸಲೇಮಿನ ದಾರಿ ಹಿಡಿದು ರೋಮಿಗೆ ಹೋದರು. ವಿಮಾನ, ರೈಲು ಇಲ್ಲದ ಕಾಲದ ಪ್ರಯಾಣ ಅದು. ಸುವಾರ್ತಾ ಪ್ರಸಾರಕ್ಕೆಂದು ಜಗದ್ಗುರು ಹದಿನೈದನೆಯ ಗ್ರೆಗೊರಿಯವರು 1622ರಲ್ಲಿ ಪ್ರೊಪಗಾಂಡ ಫಿದೆ ಎಂಬ ಪೀಠವನ್ನು ಸ್ಥಾಪಿಸಿದ್ದರು. ಆಯಾ ದೇಶದವರೇ ಗುರುಗಳಾಗಬೇಕು ಎಂಬುದು ಆ ಪೀಠದ ಹಂಬಲ. ಗೋವೆಯಲ್ಲಿ ಮುಚ್ಚಿದ್ದ ಬಾಗಿಲು ಅಲ್ಲಿ ತೆರೆಯಿತು. 1630ರ ಸುಮಾರಿಗೆ ಅವರಿಗೆ ಗುರುದೀಕ್ಷೆಯಾಯಿತು.

ಊರಿಗೆ ಮರಳಿದರೆ ಗೋವೆಯ ಅಧಿಕಾರಿಗಳು ರೋಮಿನ ಪತ್ರಗಳಿಗೆ ಬೆಲೆ ಕೊಡಲಿಲ್ಲ. ಮತ್ತೆ ರೋಮಿಗೆ ಹೋದರು. 1637ರಲ್ಲಿ ಅವರಿಗೆ ಧರ್ಮಾಧ್ಯಕ್ಷ ದೀಕ್ಷೆಯಾಯಿತು. ಲ್ಯಾಟಿನ್ ಸಂಪ್ರದಾಯದಲ್ಲಿ ಭಾರತದ ಮೊದಲ ಧರ್ಮಾಧ್ಯಕ್ಷರು ಅವರೇ. ಅವರ ಪಾಲಿಗೆ ಬಂದದ್ದು ವಿಜಾಪುರ ಆದಿಲ್‌ಶಾಹಿ ರಾಜ್ಯ. ಜಗದ್ಗುರುಗಳ ನೇರ ಪ್ರತಿನಿಧಿಯಾಗಿ ಅದನ್ನು ನೋಡಿಕೊಳ್ಳಬೇಕಿತ್ತು. ಗೋಲಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲ್‌ಶಾಹನೇ ಆಗಿನ ಸುಲ್ತಾನ. ನಮ್ಮ ಮೀರಜ ಕೋಟೆಯೂ ಆಗ ಆ ರಾಜ್ಯಕ್ಕೆ ಸೇರಿತ್ತು. ಅಂದರೆ ನಾವಿಂದು ಭಾನುವಾರ ಪೂಜೆಗೆ ನಡೆದು ಬರುವ ಈ ನೆಲ ಸುಮಾರು 390 ವರ್ಷಗಳ ಹಿಂದೆ ಒಬ್ಬ ಭಾರತೀಯ ಧರ್ಮಾಧ್ಯಕ್ಷರ ಹೊಣೆಯಲ್ಲಿತ್ತು. ಇಲ್ಲಿ ಪೋರ್ತುಗೀಜರ ಆಳ್ವಿಕೆ ಇರಲಿಲ್ಲ.

ಗೋವೆಯ ಗಡಿಯಾಚೆ, ಸುಲ್ತಾನನ ಸೀಮೆಗೆ ಸೇರಿದ್ದ ಡಿಚೋಲಿಯಲ್ಲಿ ಮಾತೆವ್ ನೆಲೆ ನಿಂತರು. ಅಲ್ಲಿ ದೇವಾಲಯ ಕಟ್ಟಿಸಿದರು, ದೇಶೀಯರಿಗೆ ಗುರುದೀಕ್ಷೆ ಕೊಟ್ಟರು. ಆ ದೀಕ್ಷೆ ನಡೆಯುವುದಿಲ್ಲ ಎಂದು ಗೋವೆಯವರು ತಕರಾರು ತೆಗೆದರು. ಜಗಳ ವರ್ಷಗಟ್ಟಲೆ ಬೆಳೆಯಿತು.

ಇಲ್ಲಿಂದ ಮುಂದಿನ ಕಥೆ ಬರೆಯಲು ಮನಸ್ಸಿಗೆ ಕಷ್ಟ. ಆದರೂ ಮುಚ್ಚಿಡಬಾರದು. ಪಟ್ಟ ಅವಮಾನ ಮಾತೆವ್ ಅವರ ಮನಸ್ಸನ್ನು ಕಹಿ ಮಾಡಿತು. 1653ರಲ್ಲಿ ಬ್ರಾಹ್ಮಣರ ಕನ್ನಡಿ ಎಂಬ ಅರ್ಥದ ಹೆಸರಿನ ಬರಹವೊಂದನ್ನು ಬರೆದು, ಪೋರ್ತುಗೀಜರ ವಿರುದ್ಧ ಏಳಬೇಕೆಂದು ಗೋವೆಯ ಕ್ರೈಸ್ತ ಬ್ರಾಹ್ಮಣರನ್ನು ಹುರಿದುಂಬಿಸಿದರು. 1654ರಲ್ಲಿ ವಿಜಾಪುರದ ಸೈನ್ಯ ಗೋವೆಯ ಮೇಲೆ ಏರಿ ಹೋಯಿತು. ಅದರ ಹಿಂದೆ ಇವರ ಕೈಯಿದೆ, ಡಚ್ಚರ ಜೊತೆಗೂ ಸೇರಿದ್ದಾರೆ ಎಂದು ಪೋರ್ತುಗೀಜರು ದೂರಿದರು. ದೊರೆಯ ಬಲ ಧರ್ಮಸಭೆಯ ಒಳಗೆ ಬಂದದ್ದರಿಂದ ನೊಂದವರು ಇವರು. ಆದರೆ ಧರ್ಮಸಭೆಯ ಜಗಳ ಗೆಲ್ಲಲು ತಾವೂ ಇನ್ನೊಬ್ಬ ದೊರೆಯ ಬಲದ ಕಡೆ ನೋಡಿದರು.

ಇನ್ನೊಂದು ಮಾತನ್ನೂ ಹೇಳಬೇಕು. ಅವರ ಕೂಗು ತಮ್ಮ ಜಾತಿಯವರಿಗಾಗಿ ಎದ್ದ ಕೂಗು. ಉಳಿದ ಜಾತಿಗಳ ಕ್ರೈಸ್ತರ ಅವಮಾನ ಆ ಕನ್ನಡಿಯಲ್ಲಿ ಕಾಣಲಿಲ್ಲ. ಜಾತಿಯ ಪೆಟ್ಟು ತಿಂದ ಅಜ್ಜ ಅಜ್ಜಿಯರ ಮೊಮ್ಮಕ್ಕಳು ನಮ್ಮ ಧರ್ಮಕೇಂದ್ರದಲ್ಲೂ ಇದ್ದೇವೆ. ಅದಕ್ಕೇ ಇದನ್ನು ಓದುವಾಗ ನನಗೆ ನೋವಾಯಿತು.

ಆದರೂ ಒಂದು ವಿಷಯದಲ್ಲಿ ಅವರು ದೊಡ್ಡವರು. ಎಷ್ಟೇ ಜಗಳವಾದರೂ ಜಗದ್ಗುರುಗಳನ್ನು ಬಿಟ್ಟು ಬೇರೆ ಸಭೆ ಕಟ್ಟಲಿಲ್ಲ. ನ್ಯಾಯ ಕೇಳಲು ಮತ್ತೆ ಮತ್ತೆ ರೋಮಿಗೇ ಹೋದರು. ಕಡೆಗೆ ರೋಮ್ ಕರೆಸಿಕೊಂಡಾಗಲೂ ಹೋದರು. ಊರಿಂದ ದೂರ, ಅಲ್ಲಿಯೇ 1670ರ ದಶಕದಲ್ಲಿ ತೀರಿಕೊಂಡರು.

ಅವರ ಸೋದರ ಸಂಬಂಧಿ ತೋಮಸ್ ದೆ ಕಾಸ್ತ್ರೊ ಮುಂದೆ ಕೆನರಾ ಪ್ರದೇಶಕ್ಕೆ ಧರ್ಮಾಧ್ಯಕ್ಷರಾದರು. ಪದ್ರುವಾದೊ ಕಡೆಯವರ ಜೊತೆ ಅಲ್ಲಿಯೂ ಅದೇ ಜಗಳ. 1681ರಲ್ಲಿ ಗೋವೆಯಿಂದ ಅಲ್ಲಿಗೆ ಬಂದವರು ಯುವ ಗುರು ಜೋಸೆಫ್ ವಾಜ್. ಅವರೂ ಗೋವೆಯ ಬ್ರಾಹ್ಮಣ ಮನೆತನದವರೇ. ಎರಡು ಕಡೆಗೂ ತಗ್ಗಿ ನಡೆದು, ಸಮಾಧಾನ ಮಾಡಿಸಲು ದುಡಿದರು. ಆಮೇಲೆ ಶ್ರೀಲಂಕೆಗೆ ಹೋಗಿ, ಡಚ್ಚರ ಕಾವಲು ತಪ್ಪಿಸಿಕೊಂಡು, ಯಾವ ದೊರೆಯ ಸೈನ್ಯವೂ ಬೆನ್ನಿಗಿಲ್ಲದೆ ಅಲ್ಲಿಯ ಧರ್ಮಸಭೆಯನ್ನು ಉಳಿಸಿದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಸಾರಿದರು. ಮಾತೆವ್ ಕೇಳಿದ ನ್ಯಾಯ ತಪ್ಪಾಗಿರಲಿಲ್ಲ. ಹಿಡಿದ ದಾರಿಯಲ್ಲಿ ಎಡವಿದರು. ಸರಿಯಾದ ದಾರಿ ಯಾವುದೆಂದು ಜೋಸೆಫ್ ವಾಜ್ ನಡೆದು ತೋರಿಸಿದರು.

ಮಾತೆವ್ ಬಿತ್ತಿದ ಬೀಜ ಮೊಳೆಯಲು ಬಹಳ ಕಾಲ ಬೇಕಾಯಿತು. 1923ರಲ್ಲಿ ತೂತ್ತುಕುಡಿ ಧರ್ಮಪ್ರಾಂತ್ಯಕ್ಕೆ ತಿಬೂರ್ಸಿಯಸ್ ರೋಚ್ ಧರ್ಮಾಧ್ಯಕ್ಷರಾದಾಗ, ಭಾರತೀಯರೊಬ್ಬರು ಲ್ಯಾಟಿನ್ ಸಂಪ್ರದಾಯದ ಧರ್ಮಾಧ್ಯಕ್ಷರಾದರೆಂದು ದೇಶವೆಲ್ಲ ಹೊಸದಾಗಿ ಸಂತೋಷಪಟ್ಟಿತು. ಇಂದು ನಮ್ಮ ಗುರುಗಳು, ನಮ್ಮ ಧರ್ಮಾಧ್ಯಕ್ಷರು ಎಲ್ಲರೂ ಈ ದೇಶದ ಮಕ್ಕಳೇ. ಅದು ನಮಗೆ ಸಹಜವಾಗಿ ಕಾಣುತ್ತದೆ. ಅದಕ್ಕಾಗಿ ಒಬ್ಬರು ಜೀವನವಿಡೀ ಅಲೆದದ್ದು ನಮಗೆ ಗೊತ್ತಿರಲಿ.

ಆ ಹುಡುಗನಿಗೆ ಈಗ ನನ್ನ ಉತ್ತರ ಹೀಗಿದೆ. ತಮ್ಮಾ, ಪೋರ್ತುಗೀಜರು ತಪ್ಪು ಮಾಡಿದ್ದಾರೆ, ಅದನ್ನು ಒಪ್ಪಿಕೋ, ನಾಚಬೇಡ. ಅವರ ಮುಂದೆ ಮೊದಲು ಎದ್ದು ನಿಂತವರಲ್ಲಿ ನಮ್ಮ ಧರ್ಮಾಧ್ಯಕ್ಷರೊಬ್ಬರು ಇದ್ದರು ಎಂದು ಗೆಳೆಯರಿಗೆ ಹೇಳು. ಚುನಾವಣೆ ಬಂದಾಗ ಯಾವ ಪಕ್ಷದವರೇ ಆಗಲಿ, ಧರ್ಮ ಉಳಿಸುತ್ತೇವೆ, ನಮ್ಮ ಬೆನ್ನಿಗೆ ಬನ್ನಿ ಎಂದರೆ, ಮಾತೆವ್ ಎಡವಿದ್ದನ್ನು ನೆನೆಸಿಕೋ. ಮತವನ್ನು ಮನಸ್ಸಾಕ್ಷಿಯಿಂದ ಕೊಡು. ಇನ್ನು ಧರ್ಮಕೇಂದ್ರದೊಳಗೆ ಕನ್ನಡದವರು, ಮರಾಠಿಯವರು, ಕೊಂಕಣಿಯವರು ಎಂದು ಪೂಜೆಯ ಹೊತ್ತಿಗೂ ಹಾಡಿನ ಸರದಿಗೂ ಮನಸ್ತಾಪ ಬಂದಾಗ, ಸಂತ ಜೋಸೆಫ್ ವಾಜರಂತೆ ಎರಡು ಕಡೆಗೂ ಹೋಗಿ ಮಾತಾಡುವವನು ನೀನಾಗು.

ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ.