ಮೂರೆಳೆಯ ಹುರಿ ಕಂಡ ರಾಮಚಂದ್ರನ್

ಮಕ್ಕಳೇ, ಕಡೂರು, ತರೀಕೆರೆ ಕಡೆ ತೆಂಗಿನ ನಾರಿನ ಹಗ್ಗ ನೀವು ನೋಡಿದ್ದೀರಲ್ಲವೇ? ಬಿಡಿ ನಾರು ಎಳೆದರೆ ಕಿತ್ತುಹೋಗುತ್ತದೆ. ಅದನ್ನೇ ಎಳೆ ಮಾಡಿ, ಮೂರು ಎಳೆ ಸೇರಿಸಿ ಹೊಸೆದರೆ ಅಜ್ಜಂಪುರದ ಅಮೃತಮಹಲ್ ಹೋರಿಯನ್ನೂ ಕಟ್ಟಿಹಾಕಬಹುದು!

ಇಂಥ ಹುರಿ ನಿಮ್ಮ ಕಣ್ಣಿನಲ್ಲೂ ಇದೆ. ಕಣ್ಣಿನ ಮುಂಭಾಗದಲ್ಲಿರುವ ಗಾಜಿನಂಥ ಪೊರೆಗೆ ಕಾರ್ನಿಯಾ ಎನ್ನುತ್ತಾರೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಆದರೂ ಕಣ್ಣೊಳಗಿನ ಒತ್ತಡಕ್ಕೆ ಅದು ಆಕಾರ ಕೆಡದೆ ನಿಲ್ಲುತ್ತದೆ. ಈ ಬಲ ಬರುವುದು ಕೊಲಾಜನ್ ಎಂಬ ಪ್ರೋಟೀನಿನಿಂದ. ಅದರ ಅಣು ಮೂರೆಳೆಯ ಹುರಿ ಎಂದು ತೋರಿಸಿದವರು ಜಿ.ಎನ್. ರಾಮಚಂದ್ರನ್.

ಅವರು ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಕೇರಳದ ಎರ್ನಾಕುಲಂನಲ್ಲಿ. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು ವಿದ್ಯುತ್ ಎಂಜಿನಿಯರಿಂಗ್ ಕಲಿಯಲು. ಆದರೆ ಮನಸ್ಸು ಭೌತಶಾಸ್ತ್ರದತ್ತ ವಾಲಿತು. ಸರ್ ಸಿ.ವಿ. ರಾಮನ್ ಅವರ ಶಿಷ್ಯರಾದರು. ಮುಂದೆ ಕೇಂಬ್ರಿಡ್ಜಿನಲ್ಲಿ ಡಾಕ್ಟರೇಟ್ ಪಡೆದು, 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು.

ಅಲ್ಲಿ ಅವರು ಮತ್ತು ಗೋಪಿನಾಥ ಕರ್ತಾ ಕೊಲಾಜನ್ ಮೂಲಕ ಕ್ಷ-ಕಿರಣ ಹಾಯಿಸಿ ಚಿತ್ರ ತೆಗೆದರು. ಇದಕ್ಕೆ ಅವರು ಬಳಸಿದ್ದು ಏನು ಗೊತ್ತೇ? ಕಾಂಗರೂ ಬಾಲದಲ್ಲಿ ಸ್ನಾಯುವನ್ನು ಮೂಳೆಗೆ ಬಿಗಿಯುವ ನಾರು! ಕಾಂಗರೂ ಎಲ್ಲಿ, ಮದರಾಸು ಎಲ್ಲಿ! ಊರಿನಲ್ಲೇ ಇದ್ದ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯಿಂದ ಅದು ಸಿಕ್ಕಿತ್ತು. 1954ರಲ್ಲಿ ಮೂರೆಳೆಯ ಮಾದರಿ ಪ್ರಕಟವಾಯಿತು. ಎಳೆಗಳು ಒಂದನ್ನೊಂದು ಸುತ್ತಿಕೊಂಡಿವೆ ಎಂದು ಮರುವರ್ಷ ತಿದ್ದಿದರು.

ಆಗ ತಕರಾರು ಎದ್ದಿತು. ಈ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರ ಒತ್ತೊತ್ತಾಗಿವೆ ಎಂದು ಆಕ್ಷೇಪಿಸಿದವರು ಸಾಮಾನ್ಯರಲ್ಲ. ಡಿಎನ್‌ಎ ರಚನೆಗೆ ಹೆಸರಾದ ಫ್ರಾನ್ಸಿಸ್ ಕ್ರಿಕ್ ಮತ್ತು ಅವರ ಜೊತೆಗಾರ ಅಲೆಕ್ಸಾಂಡರ್ ರಿಚ್. ರಾಮಚಂದ್ರನ್ ಜಗಳಕ್ಕೆ ನಿಂತು ಕಾಲ ಕಳೆಯಲಿಲ್ಲ. ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಲ್ಲವು ಎಂದು ಲೆಕ್ಕ ಹಾಕಲು ಕುಳಿತರು. ರಾಮಕೃಷ್ಣನ್, ಶಶಿಶೇಖರನ್ ಅವರೊಡನೆ 1963ರಲ್ಲಿ ಒಂದು ನಕ್ಷೆ ಪ್ರಕಟಿಸಿದರು. ಪ್ರೋಟೀನಿನ ಸರಪಳಿ ಹೇಗೆ ತಿರುಚಿಕೊಳ್ಳಬಹುದು, ಹೇಗೆ ಸಾಧ್ಯವಿಲ್ಲ ಎಂದು ಅದು ತಿಳಿಸುತ್ತದೆ. ಈ 'ರಾಮಚಂದ್ರನ್ ನಕ್ಷೆ'ಯನ್ನು ಜಗತ್ತಿನ ಪ್ರಯೋಗಾಲಯಗಳು ಇಂದಿಗೂ ಬಳಸುತ್ತವೆ. ಕೊಲಾಜನ್ ಮಾದರಿಯ ಸಣ್ಣ ವಿವರಗಳು ಬದಲಾದವು. ಮೂರೆಳೆಯ ಹುರಿ ಮಾತ್ರ ಉಳಿಯಿತು.

1971ರಲ್ಲಿ ಅವರು ಬೆಂಗಳೂರಿನ ಸಂಸ್ಥೆಗೆ ಮರಳಿ, ಅಣುಗಳ ಜೀವಭೌತಶಾಸ್ತ್ರಕ್ಕೆ ಹೊಸ ವಿಭಾಗ ಕಟ್ಟಿದರು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ನಿಧನರಾದರು.

ಕಾರ್ನಿಯಾದಲ್ಲಿ ಈ ಹುರಿಗಳು ಕಂತೆ ಕಂತೆಯಾಗಿ, ಪದರದ ಮೇಲೆ ಪದರವಾಗಿ, ಅಡ್ಡಡ್ಡ ಹಾಸಿಕೊಂಡಿವೆ. ಅವುಗಳ ಜೋಡಣೆ ದುರ್ಬಲವಾದರೆ ಕಾರ್ನಿಯಾ ಶಂಕುವಿನಂತೆ ಮುಂದಕ್ಕೆ ಉಬ್ಬಿ ನೋಟ ಮಂಜಾಗುತ್ತದೆ. ಕಣ್ಣನ್ನು ಪದೇಪದೇ ಬಲವಾಗಿ ಉಜ್ಜಿದರೂ ಈ ಅಪಾಯ ಹೆಚ್ಚು. ಯಾವ ಪದರದ ಎಳೆ ಯಾವ ದಿಕ್ಕಿಗಿದೆ ಎಂಬುದನ್ನು ವಿಜ್ಞಾನಿಗಳು ಈಗ ಕಂಪ್ಯೂಟರಿಗೆ ಕೊಡುತ್ತಾರೆ. ಒತ್ತಡ ಏರಿದಾಗ ಕಾರ್ನಿಯಾ ಎಲ್ಲಿ, ಎಷ್ಟು ಹಿಗ್ಗುತ್ತದೆ ಎಂದು ಅದು ಲೆಕ್ಕ ಮಾಡಿ ತೋರಿಸುತ್ತದೆ.